ಹೋಮರನ ಕಾವ್ಯದಲ್ಲಿ ದೈವವೂ ಪಾಲೂ

ಗ್ರೀಕರ ಆದಿಕಾವ್ಯವಾದ ಇಲಿಯಡ್ಡಿನಲ್ಲಿ ದೇವತೆಗಳು ಪದೇ ಪದೇ ರಣಾಂಗಣಕ್ಕಿಳಿಯುವರು. ಇದನ್ನು ಕಂಡು, ಅಲ್ಲಿಯ ವೀರರು ಸೂತ್ರದ ಬೊಂಬೆಗಳೆಂದೂ, ಆ ಕಾವ್ಯದ 'ಮೊಯ್ರಾ' ಎಂಬುದು ವಿಧಿಯೇ ಎಂದೂ ಪಾಠ ಹೇಳುವುದುಂಟು. ಈ ಎರಡು ಮಾತುಗಳೂ ವಿಚಾರಾರ್ಹವಾಗಿವೆ.

ಮೊಯ್ರಾ ಎಂದರೆ ಪಾಲು. ಹೋಮರನು ಇದೇ ಶಬ್ದವನ್ನು ನೆಲದ ಭಾಗಕ್ಕೂ ಇರುಳಿನ ಭಾಗಕ್ಕೂ ಪ್ರಯೋಗಿಸಿದ್ದಾನೆ. ಸಂಸ್ಕೃತದಲ್ಲಿ ಇದಕ್ಕೆ ಹತ್ತಿರವಾದುದು ವಿಧಿಯಲ್ಲ, ಕರ್ಮವೂ ಅಲ್ಲ. 'ಭಜ್' ಧಾತುವಿನಿಂದ ಹುಟ್ಟಿದ 'ಭಾಗಧೇಯ'. ವಿಧಿಗೆ ವಿಧಾತನು ಬೇಕು, ಕರ್ಮಕ್ಕೆ ಕರ್ತನು ಬೇಕು. ಪಾಲಿಗೆ ಬೇಕಾದುದು ಎಲ್ಲೆ ಮಾತ್ರ.

ಈ ಭೇದವು ಕನ್ನಡಿಗರಿಗೆ ಅಪರಿಚಿತವಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳನ್ನೊಳಗೊಂಡ ಉತ್ತರದ ಸೀಮೆಯಲ್ಲಿ ಹಸುಗೂಸಿನ ಹಣೆಯ ಮೇಲೆ ಸಟವಿಯು ಬರೆಯುವಳೆಂಬ ನಂಬಿಕೆಯುಂಟು. 'ಸಟವಿ' ಎಂಬುದು 'ಷಷ್ಠೀ' ಎಂಬುದರ ತದ್ಭವ. ಆದರೆ 'ಪಾಲಿಗೆ ಬಂದದ್ದು ಪಂಚಾಮೃತ' ಎಂಬ ಗಾದೆಯೂ ಕನ್ನಡದ್ದೇ. ಮೊದಲನೆಯದು ಬರಹ, ಎರಡನೆಯದು ಹಂಚಿಕೆ. ಇಲಿಯಡ್ಡಿನಲ್ಲಿಯೂ ಹುಟ್ಟಿದಂದೇ ಮನುಷ್ಯನ ನೂಲನ್ನು ನೂಲುವ ಮಾತು ಬರುತ್ತದೆ. ಆದರೆ ಆ ನೂಲು ಬಹುಮಟ್ಟಿಗೆ ಸಾವನ್ನು ಕುರಿತದ್ದು, ಬಾಳಿನ ಪ್ರತಿಯೊಂದು ನಡೆಯನ್ನು ಕುರಿತದ್ದಲ್ಲ.

ಹದಿನಾರನೆಯ ಸರ್ಗದಲ್ಲಿ ಜ್ಯೂಸನು ತನ್ನ ಮಗನಾದ ಸಾರ್ಪೆಡಾನನನ್ನು ಉಳಿಸಲೆಳಸುತ್ತಾನೆ. ಹೀರಾದೇವಿಯು 'ನಿನ್ನಿಂದಾಗದು' ಎನ್ನುವುದಿಲ್ಲ. ಮಾಡಿದರೆ ಉಳಿದ ದೇವತೆಗಳು ಒಪ್ಪಲಾರರೆನ್ನುತ್ತಾಳೆ. ಜ್ಯೂಸನು ರಕ್ತದ ಹನಿಗಳನ್ನು ಮಳೆಗರೆದು ಸುಮ್ಮನಾಗುತ್ತಾನೆ. ಆದುದರಿಂದ ಮೊಯ್ರಾ ದೇವತೆಗಳಿಗಿಂತ ಬಲವಾದ ಬೇರೊಂದು ಶಕ್ತಿಯೆನ್ನುವುದಕ್ಕಿಂತ, ದೇವತೆಗಳೂ ಮೀರಲೊಲ್ಲದ ಮರ್ಯಾದೆಯೆನ್ನುವುದೇ ಯುಕ್ತ.

ಇಪ್ಪತ್ತೆರಡನೆಯ ಸರ್ಗವು ಇನ್ನೂ ಸ್ಪಷ್ಟ. ಮೊದಲು ತಕ್ಕಡಿಯಲ್ಲಿ ಹೆಕ್ಟರನ ತಟ್ಟೆಯು ಕೆಳಗಿಳಿಯುತ್ತದೆ, ಅಪೊಲೊ ಅವನನ್ನು ತೊರೆಯುತ್ತಾನೆ. ಆಮೇಲೆ ಅಥೀನೆಯು ಅವನ ತಮ್ಮನ ರೂಪದಿಂದ ಬಂದು ವಂಚಿಸುತ್ತಾಳೆ. ಸಾವು ಗೊತ್ತಾದ ಮೇಲೆ ಈ ವಂಚನೆಯೇಕೆ? ಓಡುತ್ತಿದ್ದವನು ನಿಲ್ಲುವಂತೆ ಮಾಡುವುದಕ್ಕಾಗಿ. ಮೋಸವನ್ನರಿತ ಮೇಲೂ ಅವನು ಮತ್ತೆ ಓಡದೆ, ಕೀರ್ತಿಯನ್ನು ಬಯಸಿ ಕತ್ತಿ ಹಿರಿದು ಮುನ್ನುಗ್ಗುತ್ತಾನೆ. ಆ ನಡೆಯನ್ನು ಯಾವ ದೇವತೆಯೂ ಅವನಿಗೆ ಕೊಡಲಿಲ್ಲ.

ವ್ಯಾಸಭಾರತದ ಗದಾಯುದ್ಧವನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಕೃಷ್ಣನ ಮಾತಿನ ಮೇಲೆ ಅರ್ಜುನನು ತೊಡೆ ತಟ್ಟಿ ಸನ್ನೆ ಮಾಡುತ್ತಾನೆ. ಆದರೆ ದುರ್ಯೋಧನನ ಊರುಭಂಗಕ್ಕೆ ಭೀಮನ ಪ್ರತಿಜ್ಞೆಯೂ ಮೈತ್ರೇಯನ ಶಾಪವೂ, ಅವೆರಡಕ್ಕೆ ಅವನ ನಡತೆಯೂ ಕಾರಣವಾಗಿವೆ. ಅಲ್ಲಿ ಫಲವು ಕರ್ಮಕ್ಕೆ ಸಲ್ಲುವ ಲೆಕ್ಕ. ಹೆಕ್ಟರನ ಸಾವಿಗೆ ಅಂಥ ಲೆಕ್ಕವಿಲ್ಲ. ದೇವತೆಗಳೇ ಮೆಚ್ಚಿದ ಸಾಧುವಾದರೂ ಅವನ ಪಾಲು ಅಷ್ಟೇ.

ಮೊಯ್ರಾವನ್ನು ಕರ್ಮವೆಂದು ಕನ್ನಡಿಸಿದರೆ ಹೆಕ್ಟರನ ಮೇಲೆ ಇಲ್ಲದ ಅಪರಾಧ ಬೀಳುವುದು. ವಿಧಿಬರಹವೆಂದರೆ ಅವನ ಕಡೆಯ ಧೈರ್ಯವೂ ಬೇರೊಬ್ಬರ ಸೊತ್ತಾಗುವುದು. ಪಾಲು ಎಂದಾಗ ಮಾತ್ರ ಕಾವ್ಯದ ಕರುಣೆಯೂ ವೀರವೂ ಒಟ್ಟಿಗೆ ಉಳಿಯುತ್ತವೆ.