ಮೊದಲ ಪಿಸ್ತೂಲು: ದುಡ್ಡು ಹಾಕಬೇಕಾದ ಜಾಗ

ಸೆಪ್ಟೆಂಬರ್ ಹೊತ್ತಿಗೆ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಗೆ ಬರುತ್ತವೆ. ಒರೆಸಿ, ಎಣ್ಣೆ ಸವರಿ, ದೇವರ ಮುಂದೆ ಸಾಲಾಗಿಟ್ಟು, ನಳಿಗೆಯ ಬಾಯಿಗೆ ಕೆಂಪು-ಹಳದಿ ಬಣ್ಣದ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕಡುಂಬಿಟ್ಟು, ಪಂದಿಕರಿಯ ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಯಾವ ಕೋವಿ ಕೊಳ್ಳಲಿ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಜ್ಜನದು ಅಪ್ಪನಿಗೆ ಬರುತ್ತದೆ, ಅಪ್ಪನದು ಮಕ್ಕಳಿಗೆ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಬಾಡಿಗೆ ಮನೆಗಳಲ್ಲಿ ಹಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ತಂದಾಗ, ಟಿವಿ ಮುಂದೆ ಕೂತ ಎಷ್ಟೋ ಮಕ್ಕಳಿಗೆ ಆ ಆಟ ಬೇಕೆನಿಸಿತು. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಯೋಚನೆ ಸುಳಿಯುತ್ತದೆ: ಹೇಗೂ ದುಡ್ಡು ಹಾಕುವುದಾದರೆ ಗುರಿ ಅಭ್ಯಾಸಕ್ಕೂ ಆಗಲಿ, ಮನೆಯ ರಕ್ಷಣೆಗೂ ಆಗಲಿ, ಎರಡಕ್ಕೂ ಒದಗುವಂಥದ್ದನ್ನೇ ತಂದರಾಯಿತಲ್ಲ?

ಅಂಥದ್ದೊಂದು ನಮ್ಮ ದೇಶದಲ್ಲಿ, ಅದರಲ್ಲೂ ಅಳತೆಯ ಜೇಬಿಗೆ, ಸಿಗುವುದಿಲ್ಲ. ಏಕೆ ಎಂಬುದಕ್ಕೆ ಲೆಕ್ಕ ಹಾಕಿ ನೋಡಬೇಕು. ಪಿಸ್ತೂಲಿನ ಮೇಲೆ ಬರೆದ ಬೆಲೆ ಆ ಲೆಕ್ಕದ ಮೊದಲ ಸಾಲು ಮಾತ್ರ. ವರ್ಷಕ್ಕೆ ಎಷ್ಟು ಗುಂಡು ಹೊಡೆದು ಕಲಿಯಬಹುದು ಎಂಬುದು ಅದರ ಉಳಿದೆಲ್ಲ ಸಾಲು.

ಆತ್ಮರಕ್ಷಣೆಯ ಕಡೆಯಿಂದ ಶುರು ಮಾಡೋಣ. ಪೊಲೀಸರ ಸೊಂಟದಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರ್. ಲೈಸೆನ್ಸ್ ಸಿಕ್ಕವರು ಹೆಚ್ಚಾಗಿ ಕೊಳ್ಳುವುದು .32 ಬೋರ್: ರಿವಾಲ್ವರ್ ಅಥವಾ ಪಿಸ್ತೂಲು. ದಶಕಗಳ ಕಾಲ ಇವು ಸರ್ಕಾರಿ ಆರ್ಡ್‌ನನ್ಸ್ ಕಾರ್ಖಾನೆಗಳಿಂದಲೇ ಬಂದವು. ಕಾನ್ಪುರದ ಹಳೆಯ .32 ರಿವಾಲ್ವರ್ ಬ್ರಿಟಿಷರ ವೆಬ್ಲಿಯ ವಂಶದ್ದು. ತೋಟಾ ತುಂಬಲು ನಡುವಿನಲ್ಲಿ ಮುರಿದಂತೆ ಮಡಚಿ ತೆರೆಯಬೇಕು. 2014ರಲ್ಲಿ ಬಂದ ‘ನಿರ್ಭೀಕ್’ 500 ಗ್ರಾಂ ತೂಕದ್ದು. ದೆಹಲಿಯ ನಿರ್ಭಯಾಳ ನೆನಪಿನಲ್ಲಿ, ಹೆಂಗಸರ ಕೈಚೀಲಕ್ಕೆ ಒದಗಲೆಂದು ಮಾಡಿದ ಅದರ ಬೆಲೆ ಆಗಲೇ 1.22 ಲಕ್ಷ ರೂಪಾಯಿ ದಾಟಿತ್ತು. 2023ರಲ್ಲಿ ಬಂದ ‘ಪ್ರಬಲ್’ನಲ್ಲಿ ತೋಟಾ ಚಕ್ರ ಪಕ್ಕಕ್ಕೆ ಹೊರಳುತ್ತದೆ, ಮಡಚುವ ಕೆಲಸವಿಲ್ಲ.

ರಿವಾಲ್ವರ್ ಮತ್ತು ಪಿಸ್ತೂಲಿನ ಬೋರ್ ಒಂದೇ ಆದರೂ ತೋಟಾ ಒಂದಲ್ಲ. ರಿವಾಲ್ವರಿಗೆ .32 ಎಸ್ ಅಂಡ್ ಡಬ್ಲ್ಯೂ ಲಾಂಗ್, ಪಿಸ್ತೂಲಿಗೆ .32 ಎಸಿಪಿ. ಮೊದಲ ಸಲ ಕೊಳ್ಳುವವರಿಗೆ ರಿವಾಲ್ವರೇ ವಾಸಿ ಎಂದು ಹಳಬರು ಹೇಳುವುದಕ್ಕೆ ಕಾರಣವಿದೆ. ಚಕ್ರ ತೆರೆದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ. ಒಂದು ತೋಟಾ ಹುಸಿಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದ ಮೇಲೂ ಚೇಂಬರಿನಲ್ಲಿ ಒಂದು ಉಳಿದಿರಬಹುದು. ಆಕಸ್ಮಿಕ ಸಾವುಗಳ ಕತೆಗಳಲ್ಲಿ ಆ ಒಂದು ತೋಟಾ ಮತ್ತೆ ಮತ್ತೆ ಬರುತ್ತದೆ.

ಇನ್ನು ಖರ್ಚಿನ ವಿಷಯ. ಲೈಸೆನ್ಸಿಗೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್‌ಗೆ ಅರ್ಜಿ ಹಾಕಬೇಕು. ತರಬೇತಿಯ ಪ್ರಮಾಣಪತ್ರ, ಪೊಲೀಸ್ ವರದಿ, ಪ್ರಾಣಭಯಕ್ಕೆ ಆಧಾರ ಎಲ್ಲ ಕೇಳುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು. ಚುನಾವಣೆ ಘೋಷಣೆಯಾದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕು; ಬೆಳೆ ರಕ್ಷಣೆಗೆ ಬಂದೂಕು ಇಟ್ಟುಕೊಂಡ ಮಲೆನಾಡಿನ ಕೃಷಿಕರಿಗೆ ಈ ಓಡಾಟ ಚೆನ್ನಾಗಿ ಗೊತ್ತು. ಇದೆಲ್ಲ ಮುಗಿದ ಮೇಲೂ ವರ್ಷಕ್ಕೆ ಇಷ್ಟೇ ತೋಟಾ ಎಂಬ ಮಿತಿ ಲೈಸೆನ್ಸಿನಲ್ಲೇ ಇರುತ್ತದೆ, ಪ್ರತಿ ತೋಟಾಕ್ಕೂ ದುಡ್ಡು ತೆರಬೇಕು. ಹಾಗಾಗಿ ಲಕ್ಷ ಕೊಟ್ಟು ತಂದ ರಿವಾಲ್ವರ್ ಎಷ್ಟೋ ಮನೆಗಳಲ್ಲಿ ಗುಂಡು ಹಾರಿಸದೆಯೇ ಬೀರುವಿನಲ್ಲಿ ಮುದಿಯಾಗುತ್ತದೆ. ಕೈ ಪಳಗದವನ ಗಾಬರಿಯ ಹೊತ್ತಿನಲ್ಲಿ ಅದು ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಅಪಾಯ. ಭಾರತೀಯ ನ್ಯಾಯ ಸಂಹಿತೆ ಖಾಸಗಿ ರಕ್ಷಣೆಯ ಹಕ್ಕು ಕೊಟ್ಟಿದೆ ನಿಜ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಕೊಟ್ಟಿಲ್ಲ. ನಿಜವಾದ ಬೆದರಿಕೆ ಇಲ್ಲದವರು ಆ ಹಣದಲ್ಲಿ ಗಟ್ಟಿ ಬಾಗಿಲು, ಒಳ್ಳೆಯ ಬೀಗ, ಕ್ಯಾಮೆರಾ ಹಾಕಿಸಿಕೊಳ್ಳುವುದು ಎಷ್ಟೋ ಮೇಲು.

ಗುರಿ ಅಭ್ಯಾಸದ ಲೆಕ್ಕವೇ ಬೇರೆ. 4.5 ಮಿ.ಮೀ. ನಳಿಗೆಯ, 20 ಜೌಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಒಂದು ಡಬ್ಬಿಯಲ್ಲಿ 500 ಪೆಲೆಟ್ ಬರುತ್ತವೆ. ಪಂದ್ಯದಲ್ಲಿ ಅರ್ಹತಾ ಸುತ್ತಿಗೆ ಹೊಡೆಯುವುದು 60. ಹಾಗಾದರೆ ಒಂದು ಡಬ್ಬಿ ಎಂದರೆ ಎಂಟು ಪಂದ್ಯ. .32ರ ಒಡೆಯ ಒಂದು ವರ್ಷದಲ್ಲಿ ಹೊಡೆಯಲಾಗದಷ್ಟನ್ನು ಏರ್ ಪಿಸ್ತೂಲು ಹಿಡಿದ ಹುಡುಗಿ ಹದಿನೈದು ದಿನದಲ್ಲಿ ಹೊಡೆದಿರುತ್ತಾಳೆ.

ಆದರೆ ಅಂಗಡಿಗೆ ಹೋದವರನ್ನು ಹಾದಿ ತಪ್ಪಿಸುವ ಮಾತೊಂದಿದೆ: ಪವರ್. ‘ಇದು ಸಾವಿರ ಅಡಿ ವೇಗ ಸಾರ್’ ಎಂದು ಪೆಟ್ಟಿಗೆ ತೋರಿಸುತ್ತಾರೆ. ಒಲಿಂಪಿಕ್ಸ್‌ನಲ್ಲಿ ಪದಕ ಗೆಲ್ಲುವ ಏರ್ ಪಿಸ್ತೂಲಿನ ವೇಗ ಸೆಕೆಂಡಿಗೆ ಸುಮಾರು 150 ಮೀಟರ್, ಅಂದರೆ 500 ಅಡಿಯ ಆಸುಪಾಸು. ಶಕ್ತಿ ಆರು ಜೌಲ್ ಮುಟ್ಟಿದರೆ ಹೆಚ್ಚು. ಹತ್ತು ಮೀಟರ್ ದೂರದ ಕಾಗದದಲ್ಲಿ ದುಂಡಗೆ ತೂತು ಮಾಡಲು ಅಷ್ಟು ಸಾಕು. ಅದಕ್ಕೇ ಪಂದ್ಯದ ಪೆಲೆಟ್‌ನ ಮೂತಿ ಚಪ್ಪಟೆ.

ಗುರಿ ಕಾಗದದ ಅಳತೆ ನೋಡಿದರೆ ದುಡ್ಡು ಎಲ್ಲಿ ಹಾಕಬೇಕೆಂದು ತಿಳಿಯುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ. ಅಲ್ಲಿಂದ ಹೊರಕ್ಕೆ ಒಂದೊಂದು ವೃತ್ತಕ್ಕೂ 8 ಮಿ.ಮೀ. ಅಂತರ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 32 ಸೆಂ.ಮೀ. ಎನ್ನೋಣ. ಕೈ ಪೂರ್ತಿಯಾಗಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ, ಏನೂ ನಷ್ಟವಿಲ್ಲ. ಟ್ರಿಗರ್ ಎಳೆಯುವಾಗ ಮಣಿಕಟ್ಟು ಜಗ್ಗಿ ಮುಂದಿನ ಸೈಟ್ ಮಾತ್ರ ಒಂದು ಮಿಲಿಮೀಟರ್ ವಾಲಿದರೆ ಗುಂಡು 31 ಮಿ.ಮೀ. ಆಚೆ ಬೀಳುತ್ತದೆ, ಹತ್ತರ ಜಾಗದಲ್ಲಿ ಆರೋ ಏಳೋ ಬಂದಿರುತ್ತದೆ. ಅಂಕವನ್ನು ಉಳಿಸುವುದೂ ಕಳೆಯುವುದೂ ಟ್ರಿಗರ್ ಮತ್ತು ಹಿಡಿ. ಹಣವನ್ನು ಅಲ್ಲಿ ಹಾಕಿ, ಉಳಿದ ಕಡೆ ಧೈರ್ಯವಾಗಿ ಜಿಪುಣತನ ಮಾಡಬಹುದು.

ಈ ವಿವೇಕಕ್ಕೆ ಹಳೆಯ ಉದಾಹರಣೆ ಅಮೆರಿಕದ್ದು. 1949ರಲ್ಲಿ ಕನೆಕ್ಟಿಕಟ್‌ನ ಸೌತ್‌ಪೋರ್ಟ್‌ನಲ್ಲಿ ಬಿಲ್ ರುಗರ್, ಅಲೆಕ್ಸಾಂಡರ್ ಸ್ಟರ್ಮ್ ಹಾಕಿದ 50,000 ಡಾಲರ್ ಬಂಡವಾಳದಿಂದ ಒಂದು .22 ಪಿಸ್ತೂಲು ತಂದ. ಬೆಲೆ 37.50 ಡಾಲರ್. ಅಚ್ಚೊತ್ತಿದ ತಗಡಿನ ಎರಡು ಹೋಳುಗಳನ್ನು ಬೆಸೆದು ಹಿಡಿಯ ಚೌಕಟ್ಟು ಮಾಡಿ ಖರ್ಚು ಇಳಿಸಿದ. ನಳಿಗೆಯ ವಿಷಯದಲ್ಲಿ ರಾಜಿಯಾಗಲಿಲ್ಲ. ಗುಂಡು ಹಾರುವಾಗ ಒಳಗಿನ ಬೋಲ್ಟ್ ಮಾತ್ರ ಹಿಂದೆ-ಮುಂದೆ ಓಡುತ್ತದೆ, ನಳಿಗೆಯೂ ಸೈಟುಗಳೂ ಅಲುಗುವುದಿಲ್ಲ. ಅಗ್ಗದ ಆ ಪಿಸ್ತೂಲಿನ ವಂಶ ಇಂದಿಗೂ ಗುರಿ ಮೈದಾನಗಳಲ್ಲಿ ಬಾಳುತ್ತಿದೆ. ರಷ್ಯಾದ ಇಝೆವ್‌ಸ್ಕ್‌ನಲ್ಲಿ ತಯಾರಾದ ಐಝೆಡ್‌ಎಚ್-46ಎಂ ಏರ್ ಪಿಸ್ತೂಲಿನದೂ ಅದೇ ಜಾಣತನ. ನೋಟಕ್ಕೆ ಒರಟು, ಹಿಡಿಯ ಮರವನ್ನು ಕೊಂಡವರೇ ಉಜ್ಜಿ ಸರಿಮಾಡಿಕೊಳ್ಳಬೇಕು. ನಳಿಗೆ ಮತ್ತು ಟ್ರಿಗರ್ ಮಾತ್ರ ಹಲವು ಪಟ್ಟು ಬೆಲೆಯ ಪಿಸ್ತೂಲುಗಳ ಪಕ್ಕ ನಿಲ್ಲುವಂಥವು.

ಏರ್ ಪಿಸ್ತೂಲಿನ ಯಂತ್ರದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಸ್ಪ್ರಿಂಗಿನದು ಎಲ್ಲಕ್ಕಿಂತ ಅಗ್ಗ, ಕೆಲವು ಸಾವಿರಕ್ಕೇ ಸಿಗುತ್ತದೆ. ಆದರೆ ಪೆಲೆಟ್ ನಳಿಗೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಧಡಕ್ಕೆಂದು ಕೈಯನ್ನು ಅಲುಗಿಸುವುದರಿಂದ ಹೊಸಬರಿಗೆ ತಪ್ಪು ತಮ್ಮದೋ ಯಂತ್ರದ್ದೋ ಗೊತ್ತಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಅನಿಲದ್ದು ಸುಲಭವೆನಿಸಿದರೂ ಬಿಸಿಲಿಗೆ ಒಗ್ಗದು. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇರುವ ಅದರ ಒತ್ತಡ 31 ಡಿಗ್ರಿಗೆ 73 ಬಾರ್ ಮುಟ್ಟುತ್ತದೆ. ಮಡಿಕೇರಿಯ ಬೆಳಗಿನಲ್ಲಿ ಹೊಂದಿಸಿದ ಸೈಟ್ ರಾಯಚೂರಿನ ಮಧ್ಯಾಹ್ನಕ್ಕೆ ಒದಗುವುದಿಲ್ಲ. ಒಂದೇ ಸಲ ಸನ್ನೆ ಎಳೆದು ಗಾಳಿ ತುಂಬುವ ಸಿಂಗಲ್ ಸ್ಟ್ರೋಕ್ ಬಗೆಗೆ ಸಿಲಿಂಡರ್ ಬೇಡ, ಪಂಪು ಬೇಡ. ಇಝೆವ್‌ಸ್ಕ್‌ನ ಪಿಸ್ತೂಲು ಈ ಜಾತಿಯದು. ಅರವತ್ತು ಸಲ ಸನ್ನೆ ಎಳೆಯುವ ತೋಳು ಮಾತ್ರ ಬೇಕು. ನಾಲ್ಕನೆಯದು 200 ಬಾರ್ ಒತ್ತಡದ ಗಾಳಿ ಸಿಲಿಂಡರಿನದು. ಸ್ಟೈರ್, ಮೊರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವರ್ಕ್‌ಬೌ ಎಂದು ಪಂದ್ಯಗಳಲ್ಲಿ ಕೇಳಿಬರುವ ಹೆಸರುಗಳೆಲ್ಲ ಇವೇ. ಹೊಸದಾದರೆ ಲಕ್ಷದ ಮೇಲಿನ ಮಾತು.

ಆದ್ದರಿಂದ ಅಳತೆಯ ಜೇಬಿನವರ ಒಳ್ಳೆಯ ದಾರಿಗೆ ಎರಡೇ ಹೆಜ್ಜೆ: ಆರು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯುವುದು, ಆಮೇಲೆ ಪಂದ್ಯದ ದರ್ಜೆಯ ಹಳೆಯದೊಂದನ್ನು ಹುಡುಕುವುದು. ಹಳೆಯದನ್ನು ನೋಡುವಾಗ ಮೊದಲು ಸಿಲಿಂಡರಿನ ಮೇಲೆ ಕೆತ್ತಿದ ದಿನಾಂಕ ಓದಬೇಕು. ಹಲವು ತಯಾರಕರು ಅದಕ್ಕೆ ಹತ್ತು ವರ್ಷದ ಆಯುಷ್ಯ ಕೊಟ್ಟಿರುತ್ತಾರೆ. ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಪಂದ್ಯದ ನಿಯಮದ ಪ್ರಕಾರ ಸ್ಪರ್ಧಿಯದೇ. ಆಯುಷ್ಯ ಮುಗಿದ ಸಿಲಿಂಡರಿನ ಬದಲಿಗೆ ಹೊಸದರ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಬೇಕು. ಎರಡನೆಯದಾಗಿ ಬಿಡಿಭಾಗ ಊರಲ್ಲಿ ಯಾರ ಬಳಿ ಸಿಗುತ್ತದೆಂದು ವಿಚಾರಿಸಬೇಕು. 2021ರಲ್ಲಿ ಟೋಕಿಯೊದ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲಿನ ಲಿವರ್ ಕೆಟ್ಟು, ರಿಪೇರಿಯಲ್ಲಿ ಹೊತ್ತು ಕಳೆದುಹೋಯಿತು. 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಂತರು, ಫೈನಲ್ ಎರಡೇ ಅಂಕದಲ್ಲಿ ತಪ್ಪಿತು.

ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಹೊರಬೇಕು, ಪಿಸ್ತೂಲು 1500 ಗ್ರಾಂ ಮೀರಬಾರದು. ಪಂದ್ಯಕ್ಕೆ ಮುನ್ನ ತೂಕದ ಬಟ್ಟು ನೇತುಹಾಕಿ ಪರೀಕ್ಷಿಸುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ಎರಡು ಹಂತದ ಎಳೆತ. ಮೊದಲ ಹಂತ ಮೆತ್ತಗೆ ಬಂದು ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು, ಎರಡನೆಯದು ತೆವಳದೆ ಗಾಜಿನ ಕಡ್ಡಿಯಂತೆ ಪಟ್ಟನೆ ಮುರಿಯಬೇಕು.

ಆಮೇಲಿನ ಅಭ್ಯಾಸದ ಬಹುಪಾಲಿಗೆ ಒಂದು ಪೈಸೆಯೂ ಖರ್ಚಿಲ್ಲ. ಪೆಲೆಟ್ ಹಾಕದೆ ಬಿಳಿ ಗೋಡೆಯ ಕಡೆ ಹಿಡಿದು ಟ್ರಿಗರ್ ಎಳೆಯುವ ಡ್ರೈ ಫೈರ್ ಈ ಆಟದ ಸರಳೆ ವರಸೆ. ಪಂದ್ಯದ ಏರ್ ಪಿಸ್ತೂಲುಗಳಲ್ಲಿ ಅದಕ್ಕೆಂದೇ ವ್ಯವಸ್ಥೆ ಇರುತ್ತದೆ. (.22 ಇರುವವರು ಇದನ್ನು ಹಾಗೇ ಮಾಡಬಾರದು. ಒಳಗಿನ ಪಿನ್ ಚೇಂಬರಿನ ಅಂಚಿಗೇ ಬಡಿದು ಹಾಳುಮಾಡುತ್ತದೆ.) ತಡವಾಯಿತೆಂಬ ಅಳುಕೂ ಬೇಡ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದವರು. 2013ರಲ್ಲಿ ಮುಖದ ಪಾರ್ಶ್ವವಾಯು ಬಂದರೂ ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಬಾಸ್ಕೆಟ್‌ಬಾಲ್‌ನಿಂದ ಬಂದ ಕರ್ನಾಟಕದ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು.

ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಏರ್ ಪಿಸ್ತೂಲು ಆಟಿಕೆಯಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಖಾಲಿ ಎಂದು ಗೊತ್ತಿದ್ದರೂ ಮನುಷ್ಯರ ಕಡೆ ಮೂತಿ ತಿರುಗಿಸಬಾರದು, ಅಭ್ಯಾಸ ಮುಗಿದೊಡನೆ ಬೀಗದೊಳಗೆ ಇಡಬೇಕು, ಗುರಿಯ ಹಿಂದೆ ಗಟ್ಟಿ ತಡೆ ಇರಬೇಕು. ಹಕ್ಕಿಗಳ ಮೇಲೆ ಪ್ರಯೋಗ ಮಾಡುವವರಿಗೆ 1972ರ ವನ್ಯಜೀವಿ ಕಾಯ್ದೆ ಕಾದಿದೆ. ಏರ್‌ಗನ್ನಿನಿಂದ ಕಾಡು ಮೌನವಾಗತೊಡಗಿದಾಗ ಅರುಣಾಚಲ ಪ್ರದೇಶದಲ್ಲಿ 2021ರಿಂದ ಒಪ್ಪಿಸುವ ಅಭಿಯಾನವೇ ನಡೆದು, ಜನ ತಾವಾಗಿ ತಂದುಕೊಟ್ಟರು.

ಇಷ್ಟೆಲ್ಲ ವಿಚಾರಿಸಿ ಅಂಗಡಿಗೋ ಮಾರುವವರ ಮನೆಗೋ ಹೋದಾಗ ಕೊನೆಯ ಪರೀಕ್ಷೆ ಹಿಡಿಯದು. ಖಾಲಿ ಮಾಡಿಸಿ, ನಾವೇ ನೋಡಿ ಖಚಿತಪಡಿಸಿಕೊಂಡು, ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಕಣ್ಣು ಮುಚ್ಚಿ ತೋಳನ್ನು ಗೋಡೆಯ ಕಡೆಗೆ ಭುಜದ ಮಟ್ಟಕ್ಕೆ ಎತ್ತಿ, ಆಮೇಲೆ ಕಣ್ಣು ತೆರೆದು ನೋಡಬೇಕು. ಮುಂದಿನ ಸೈಟ್ ತಾನಾಗಿಯೇ ಹಿಂದಿನ ಕಚ್ಚಿನ ನಡುವೆ ಕೂತಿದ್ದರೆ ಹಿಡಿ ಕೈಗೆ ಹೊಂದಿದೆ. ಸ್ವಲ್ಪ ಎಡಕ್ಕೋ ಬಲಕ್ಕೋ ವಾಲಿದ್ದರೆ ಮರದ ಪುಟ್ಟಿ ಮೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ ಸರಿಮಾಡಬಹುದು. ಪೂರ್ತಿ ಕಾಣದೇ ಹೋದರೆ ಬೇರೆ ಅಳತೆಯದು ಕೇಳಬೇಕು. ಹತ್ತು ಸಲ ಎತ್ತಿ ಏಳೆಂಟು ಸಲ ನಡುವೆ ಕೂತರೆ, ಅಲ್ಲಿಗೆ ಬೆಲೆಯ ಮಾತು ಶುರು ಮಾಡಬಹುದು.