ಊಟದ ಪಕ್ಕದ ರಂಗಮಂದಿರ

ಒಂದು ರಂಗಮಂದಿರ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಕುರ್ಚಿ ಮೆತ್ತಗಿದೆ, ತಣ್ಣನೆಯ ಗಾಳಿ ಬರುತ್ತದೆ, ದೀಪಗಳು ಬಣ್ಣಬಣ್ಣದವು ಎಂದು ಹೊಗಳುವವರು ಬಹಳ. ನೆಂಟರ ಮನೆಗೆ ಹೋಗಿ ಬಂದವರು ಗೋಡೆಯ ಬಣ್ಣವನ್ನಷ್ಟೇ ವರ್ಣಿಸಿ, ಮನೆಯವರು ಹೇಗೆ ಮಾತನಾಡಿಸಿದರೆಂಬುದನ್ನೇ ಬಿಟ್ಟಂತೆ ಇದು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಅಲ್ಲಿ ಕಲೆಗೆ ಯಾವ ಸ್ಥಾನವಿದೆ? ಅಲ್ಲಿಗೆ ಯಾರು ಹೋಗಬಹುದು? ಆಟ ಮುಗಿದ ಮೇಲೆ ಒಬ್ಬ ಹೆಂಗಸು ನಿಶ್ಚಿಂತೆಯಿಂದ ಮನೆಗೆ ಮರಳಬಹುದೇ?

ನಮ್ಮ ರಾಜರಾಜೇಶ್ವರಿನಗರದಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ರೆಸಾರ್ಟುಗಳ ಫಲಕಗಳು ಒಂದಾದ ಮೇಲೊಂದು ಕಾಣುತ್ತವೆ. ಈಜುಕೊಳ, ಮಕ್ಕಳ ಆಟದ ಬಯಲು, ಮದುವೆಯ ಹುಲ್ಲುಹಾಸು ಇವುಗಳ ಪಟ್ಟಿಯಲ್ಲಿ ಈಗ 'ಆಂಫಿಥಿಯೇಟರ್' ಕೂಡ ಸೇರಿಕೊಂಡಿದೆ. ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥಕ್ಕೆಂದು ಅಂಥ ಒಂದು ಜಾಗಕ್ಕೆ ಹೋಗಿದ್ದೆ. ರಂಗಸ್ಥಳವೇನೋ ಸೊಗಸಾಗಿತ್ತು. ಅರ್ಧಚಂದ್ರಾಕಾರದ ಕಲ್ಲಿನ ಮೆಟ್ಟಿಲುಗಳು, ಹಿಂದೆ ಬಿದಿರಿನ ಮೆಳೆ, ಒಳ್ಳೆಯ ಬೆಳಕು. ಆದರೆ ಅದಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲೇ ಊಟದ ಮೇಜುಗಳ ಸಾಲು. ವೀರಗಾಸೆಯವರು ರಂಗದ ಮೇಲೆ ಬಂದಾಗ ಅತಿಥಿಗಳೆಲ್ಲ ತಟ್ಟೆ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದರು. ಕರಡೆಯ ಸದ್ದಿಗೆ ಒಮ್ಮೆ ತಿರುಗಿ ನೋಡಿದವರು ಮತ್ತೆ ಜಿಲೇಬಿಯ ಕಡೆಗೆ ಹೊರಟರು. ಕುಣಿತ ಬೇಗನೆ ಮುಗಿದುಹೋಯಿತು. ತಂಡದ ಹಿರಿಯರನ್ನು ಆಮೇಲೆ ವಿಚಾರಿಸಿದೆ. "ಹದಿನೈದು ನಿಮಿಷ ಅಂದವ್ರೆ ಕಣಮ್ಮ. ಒಡಪು ಬ್ಯಾಡ, ಬರೀ ಕುಣೀರಿ ಅಂದ್ರು. ಆಮೇಲೆ ಡಿಜೆ ಐತಂತೆ" ಎಂದರು.

ಒಡಪು ಬೇಡವೆಂದರೆ ವೀರಗಾಸೆಯಲ್ಲಿ ಉಳಿಯುವುದೇನು? ಕತ್ತಿ ಹಿಡಿದು ವೀರಭದ್ರನ ಕಥೆಯನ್ನು ಗಟ್ಟಿಯಾಗಿ ಹೇಳುವುದೇ ಒಡಪು. ದಕ್ಷನ ಯಜ್ಞಕ್ಕೆ ಕರೆಯದೆಯೂ ತವರೆಂದು ಹೋದ ದಾಕ್ಷಾಯಿಣಿ, ತುಂಬಿದ ಸಭೆಯಲ್ಲಿ ತಂದೆಯಿಂದಲೇ ಅವಮಾನಗೊಂಡು ಬೆಂಕಿಗೆ ಬಿದ್ದಳು. ಅದರ ಸಿಟ್ಟಿನಿಂದ ಹುಟ್ಟಿದವನು ವೀರಭದ್ರ. ತವರಿನಲ್ಲಿ ನೊಂದ ಹೆಣ್ಣುಮಗಳ ಕಥೆ ಅದು. ಒಂದು ಹೆಣ್ಣಿನ ನಿಶ್ಚಿತಾರ್ಥದ ದಿನ, ಹೆಂಗಸರೇ ತುಂಬಿದ್ದ ಸಭೆಯಲ್ಲಿ, ಆ ಕಥೆಯನ್ನೇ ಕತ್ತರಿಸಿ ಬರೀ ಕುಣಿತವನ್ನು ಬಡಿಸಿದರು. ಕಲಾವಿದರಿಗೆ ಹಣವೇನೋ ಸಿಕ್ಕಿತು, ಸ್ಥಳದಲ್ಲೇ ಸಿಕ್ಕಿತು. ಅದು ಸಣ್ಣ ಮಾತಲ್ಲ. ಬಿಲ್ಲು ಮಂಜೂರಾಗಲೆಂದು ಕಚೇರಿಗೆ ಅಲೆಯುವ ಕಷ್ಟ ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು. ಆದರೆ ಕೂಲಿ ಕೊಟ್ಟು ಮಾತು ಕಿತ್ತುಕೊಂಡರೆ ಅದಕ್ಕೆ ಮರ್ಯಾದೆ ಎನ್ನಲಾದೀತೇ?

ಹಳ್ಳಿಯ ಜಾತ್ರೆಯಲ್ಲೂ ಜನ ಕಡಲೆಪುರಿ ಮೆಲ್ಲುತ್ತಲೇ ಆಟ ನೋಡುವುದಿಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಅವರು ಬಂದಿರುವುದು ಆಟಕ್ಕೆ, ಕಡಲೆಪುರಿ ಅದರ ಜೊತೆಗೆ. ವೇಷಧಾರಿ ಪದ ತಪ್ಪಿದರೆ ಕೆಳಗೆ ಕುಳಿತ ಅಜ್ಜಿಯೇ ತಿದ್ದುತ್ತಾಳೆ. ರೆಸಾರ್ಟಿನಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಊಟ ಮುಖ್ಯ, ಕಲೆ ಉಪ್ಪಿನಕಾಯಿ.

ಹಾಗೆಂದು ವಸತಿಯೂ ಕಲೆಯೂ ಒಂದೆಡೆ ಇರಲೇಬಾರದೆಂದು ನನ್ನ ವಾದವಲ್ಲ. ಹೆಸರಘಟ್ಟದ ನೃತ್ಯಗ್ರಾಮವನ್ನು ನೋಡಿ. 1990ರಲ್ಲಿ ಪ್ರೊತಿಮಾ ಬೇಡಿಯವರು ಅದನ್ನು ಕಟ್ಟಿದಾಗ ಮೊದಲು ಬಂದದ್ದು ನೃತ್ಯದ ಗುರುಕುಲ. ಕಲ್ಲು, ಮಣ್ಣುಗಳಲ್ಲಿ ಅದನ್ನು ರೂಪಿಸಿದವರು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ. ಪಕ್ಕದಲ್ಲಿ 'ಕುಟೀರಂ' ಎಂಬ ರೆಸಾರ್ಟು ಎದ್ದದ್ದು ಆಮೇಲೆ. ತಾಜ್ ಹೋಟೆಲು ಗುಂಪಿನವರು ಅದನ್ನು ನಡೆಸಿದ ಕಾಲವೂ ಇತ್ತು. ಅಲ್ಲಿ ಅತಿಥಿ ಕಲೆಯ ಹತ್ತಿರಕ್ಕೆ ಹೋಗಬೇಕಿತ್ತೇ ಹೊರತು, ಕಲೆ ಅತಿಥಿಯ ಮೇಜಿನ ಬಳಿಗೆ ಬರುತ್ತಿರಲಿಲ್ಲ. ಅಲ್ಲಿನ ಬಯಲು ರಂಗದಲ್ಲಿ ನಡೆಯುತ್ತಿದ್ದ 'ವಸಂತಹಬ್ಬ'ಕ್ಕೆ ಟಿಕೇಟೇ ಇರಲಿಲ್ಲ. ಸಂಜೆ ಶುರುವಾದ ಸಂಗೀತ, ನೃತ್ಯ ಬೆಳಗಿನವರೆಗೆ ಸಾಗುತ್ತಿತ್ತು. ಸಾವಿರಾರು ಜನ ಚಾಪೆ, ಜಮಖಾನೆ ಹಾಸಿ ಕೂರುತ್ತಿದ್ದರು. ಪ್ರೊತಿಮಾ 1998ರಲ್ಲಿ ಕೈಲಾಸ ಮಾನಸಸರೋವರ ಯಾತ್ರೆಯ ದಾರಿಯಲ್ಲಿ ಭೂಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಹಬ್ಬ ಆಮೇಲೂ ಕೆಲವು ವರ್ಷ ನಡೆದು, 2004ರ ನಂತರ ಹಣದ ಅಭಾವದಿಂದ ನಿಂತುಹೋಯಿತು. ಪುಕ್ಕಟೆ ಎಂದು ಖುಷಿಪಟ್ಟ ನಾವೆಲ್ಲ ಯೋಚಿಸಬೇಕಾದ ವಿಷಯವಿದು. ಸಾವಿರಾರು ಜನರ ಪ್ರೀತಿಯೊಂದರಿಂದಲೇ ಹಬ್ಬ ಉಳಿಯಲಿಲ್ಲ.

ಹಣವಿದ್ದರೆ ಸಾಕೇ ಎಂದರೆ, ಅದೂ ಅಲ್ಲ. ದಿಲ್ಲಿಯ ಪಕ್ಕದ ಗುರುಗ್ರಾಮದಲ್ಲಿ 2010ರಲ್ಲಿ 'ಕಿಂಗ್‌ಡಮ್ ಆಫ್ ಡ್ರೀಮ್ಸ್' ಎಂಬ ಭಾರಿ ಮನರಂಜನೆಯ ನಗರಿ ತೆರೆಯಿತು. ಅರಮನೆಯಂಥ ನಾಟಕಶಾಲೆ, ಆಕಾಶದಲ್ಲಿ ಹಾರುವ ನಟರು, ಪಕ್ಕದಲ್ಲೇ ದೇಶದ ಬಗೆಬಗೆಯ ತಿಂಡಿಗಳ ಬೀದಿ. ಬಾಕಿ ಹಣದ ತಕರಾರಿನಲ್ಲಿ 2022ರಲ್ಲಿ ಅದಕ್ಕೆ ಬೀಗ ಬಿತ್ತು. ಅದು ವಿಹಾರಕ್ಕೆ ಹೋಗುವ ಜಾಗವಾಗಿತ್ತು. ಒಮ್ಮೆ ನೋಡಿದವರು ಮತ್ತೆ ಮತ್ತೆ ಹೋಗಬೇಕಾದರೆ ರಂಗದ ಮೇಲೆ ಬೆರಗಿನ ಜೊತೆ ಇನ್ನೇನಾದರೂ ಇರಬೇಕು.

ನಮ್ಮ ಊರಿನ ರಂಗಶಂಕರವನ್ನು ಇದರ ಎದುರಿಗಿಟ್ಟು ನೋಡೋಣ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ಕನಸನ್ನು ಅರುಂಧತಿ ನಾಗ್ ಅವರು ಹದಿನಾಲ್ಕು ವರ್ಷಗಳ ನಂತರ, 2004ರಲ್ಲಿ, ಜೆ.ಪಿ. ನಗರದಲ್ಲಿ ನಿಲ್ಲಿಸಿದರು. ಮುನ್ನೂರು ಚಿಲ್ಲರೆ ಆಸನ. ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿರುವುದರಿಂದ ನಟಿಯ ಪಿಸುಮಾತು, ಕಣ್ಣಂಚಿನ ನೀರು ಹಿಂದಿನ ಸಾಲಿನವರಿಗೂ ತಲುಪುತ್ತದೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ಅವರು ಎಷ್ಟೇ ದೊಡ್ಡವರಾಗಿರಲಿ. ಈ ಕಟ್ಟುನಿಟ್ಟನ್ನು ಅಹಂಕಾರ ಎನ್ನುವವರಿದ್ದಾರೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಾಗಿ ನಾನು ಹಾಗೆನ್ನಲಾರೆ. ಪಾಠದ ನಡುವೆ ಬಾಗಿಲು ಕಿರ್ರೆಂದರೆ ಕೆಡುವುದು ಒಬ್ಬರ ಗಮನವಲ್ಲ, ಎಲ್ಲರದ್ದೂ. ಅಲ್ಲೂ ತಿಂಡಿಯ ಅಂಗಡಿಯಿದೆ, ಆದರೆ ಬಾಗಿಲಿನ ಹೊರಗೆ. ಮೊದಲು ತಿಂದು ಒಳಗೆ ಹೋಗಿ, ಇಲ್ಲವೇ ನೋಡಿ ಬಂದು ತಿನ್ನಿ. ಇಷ್ಟೇ ವ್ಯತ್ಯಾಸ, ಆದರೆ ಎಲ್ಲವೂ ಅದರಲ್ಲೇ ಇದೆ.

ಸಾಗರದ ಬಳಿಯ ಹೆಗ್ಗೋಡು ಇನ್ನೂ ದೂರದ ಮಾತು. 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದು, ಅಡಿಕೆ ತೋಟಗಳ ನಡುವೆ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನೇ ಕಟ್ಟಿಕೊಂಡಿತು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಹೋದವರು ಅಲ್ಲೇ ಉಳಿಯುತ್ತಾರೆ, ಅಲ್ಲೇ ಉಣ್ಣುತ್ತಾರೆ. ಒಂದು ಅರ್ಥದಲ್ಲಿ ಅದೂ ವಸತಿಯ ಜಾಗವೇ. ಆದರೆ ಹಗಲೆಲ್ಲ ಮಾತು, ಚರ್ಚೆ, ಸಂಜೆ ನಾಟಕ. ನಾಟಕಕ್ಕಾಗಿ ಉಳಿಯುವುದು ಬೇರೆ, ಉಳಿದವರ ಹೊತ್ತು ಕಳೆಯಲೆಂದು ನಾಟಕವಿಡುವುದು ಬೇರೆ.

ಇನ್ನು ನನ್ನ ಮೂರನೆಯ ಪ್ರಶ್ನೆ. ಗಂಡಸರು ಬರೆಯುವ ರಂಗವಿಮರ್ಶೆಯಲ್ಲಿ ಇದು ಬರುವುದು ಅಪರೂಪ. ಆಟ ಒಂಬತ್ತೂವರೆಗೆ ಮುಗಿದರೆ ಹೆಂಗಸೊಬ್ಬಳು ಹೇಗೆ ಮನೆ ಸೇರಬೇಕು? ರೆಸಾರ್ಟಿಗೆ ಕಾರು ಬೇಕು, ಕಾರು ಓಡಿಸಲು ಹೆಚ್ಚಿನ ಮನೆಗಳಲ್ಲಿ ಗಂಡನೋ ಮಗನೋ ಬೇಕು. ಅವರಿಗೆ ಮನಸ್ಸಿದ್ದರೆ ನಮಗೆ ನಾಟಕ. ಊರೊಳಗಿನ ರಂಗಮಂದಿರ ಈ ಹಂಗನ್ನು ಕಳೆಯುತ್ತದೆ. ನಮ್ಮ ಬಡಾವಣೆಗೆ 2021ರಲ್ಲಿ ಮೆಟ್ರೋ ಬಂತು, 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣ ಕೊಡಬೇಕಾಗಿಲ್ಲವೆಂದಾಯಿತು. ರವೀಂದ್ರ ಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಕಲಾಕ್ಷೇತ್ರಕ್ಕೂ, ಅದರ ಹಿಂದಿನ ಸಂಸ ಬಯಲು ರಂಗಮಂದಿರಕ್ಕೂ ಈಗ ಯಾರನ್ನೂ ಕಾಡದೆ ಹೋಗಿಬರಬಹುದು.

ಅಷ್ಟು ದೂರವೂ ಬೇಡವೆನ್ನುವವರಿಗೆ ಮಲ್ಲತ್ತಹಳ್ಳಿಯ ಕಲಾಗ್ರಾಮವಿದೆ. ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆದದ್ದು ಆ ನೆಲದಲ್ಲೇ. ಅಲ್ಲಿನ ಸಮುಚ್ಚಯ ಭವನದಲ್ಲಿ ನಾಟಕಗಳಾಗುತ್ತವೆ. ಆದರೆ ನಮ್ಮ ಬೀದಿಯ ಹೆಂಗಸರಲ್ಲಿ ಅದನ್ನು ಕಂಡವರೆಷ್ಟು ಎಂದು ಎಣಿಸಿದಾಗ ಒಂದು ಕೈಯ ಬೆರಳುಗಳೇ ಸಾಕಾದವು. ರೆಸಾರ್ಟನ್ನು ನೋಡದವರನ್ನು ಎಣಿಸಲೂ ಅದೇ ಕೈ ಸಾಕಾಯಿತು.

ಆದ್ದರಿಂದ ದೂರನ್ನೆಲ್ಲ ರೆಸಾರ್ಟಿನವರ ಮೇಲೆ ಹೊರಿಸಿ ಕೂರುವಂತಿಲ್ಲ. ಅವರು ಕೇಳಿದ್ದನ್ನು ಕೊಡುವ ವ್ಯಾಪಾರಿಗಳು. ಮನೆಯ ಶುಭಕಾರ್ಯಕ್ಕೆ ಅಂಥ ಜಾಗ ಗೊತ್ತು ಮಾಡುವಾಗ ಹೋಳಿಗೆಗೆ ತುಪ್ಪವೋ ಹಾಲೋ ಎಂದು ವಿಚಾರಿಸುವವರು ನಾವೇ. ಅದೇ ಬಾಯಲ್ಲಿ, ಕಲಾವಿದರಿಗೆ ಎಷ್ಟು ಹೊತ್ತು ಕೊಡುತ್ತೀರಿ, ಆ ಹೊತ್ತಿನಲ್ಲಿ ಬಡಿಸುವುದನ್ನು ನಿಲ್ಲಿಸುತ್ತೀರಾ, ಒಡಪು ಹೇಳಲು ಬಿಡುತ್ತೀರಾ ಎಂದೂ ಕೇಳಬಹುದು. ತಿಂಗಳಿಗೊಮ್ಮೆ ಇಬ್ಬರು ಗೆಳತಿಯರು ಸೇರಿ, ಸ್ವಂತ ದುಡ್ಡಿನಲ್ಲಿ ಟಿಕೇಟು ಕೊಂಡು, ಒಂದು ನಾಟಕ ನೋಡಿ ಬರಬಹುದು. ರಾತ್ರಿಯ ಅಡುಗೆಯನ್ನು ಆ ಒಂದು ದಿನ ಮನೆಯ ಗಂಡಸರು ನೋಡಿಕೊಳ್ಳಲಿ. ಅನ್ನ ಸಾರು ಮಾಡಲು ಬಿ.ಎ. ಬಿ.ಎಡ್. ಏನೂ ಬೇಕಿಲ್ಲ.