ಮಳೆಯ ಬೆಲೆ: ರಂಗದ ಮೇಲೆ, ತೆರೆಯ ಮೇಲೆ

ನಾಟಕವೊಂದು ಚಲಚ್ಚಿತ್ರವಾದಾಗ ಕಥೆ ಉಳಿಯಿತೇ ಎಂದು ಕೇಳುವವರು ಬಹಳ ಮಂದಿ. ಕಥೆ ಹೇಗೂ ಉಳಿಯುತ್ತದೆ; ನೋವು ಉಳಿಯಿತೇ ಎಂದು ಕೇಳಬೇಕು. ನಮ್ಮ ಹೆಗ್ಗಡದೇವನಕೋಟೆಯ ಕಾಡಿನ ಕಥೆ, ಮಾಸ್ತಿಯವರ ‘ಕಾಕನಕೋಟೆ’, ಸಿ. ಆರ್. ಸಿಂಹ ಅವರ ನಿರ್ದೇಶನದಲ್ಲಿ 1977ರಲ್ಲಿ ತೆರೆಗೆ ಬಂದಾಗ ಕನ್ನಡದಲ್ಲಿಯೇ ಬಂದಿತು. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯಾದರೋ ತನ್ನ ಭಾಷೆಯನ್ನೂ ಬಿಟ್ಟು, 2002ರಲ್ಲಿ ಅರ್ಜುನ್ ಸಜ್ನಾನಿ ಅವರ ‘ಅಗ್ನಿವರ್ಷ’ ಎಂಬ ಹಿಂದೀ ಚಿತ್ರವಾಯಿತು.

ನಾಟಕದ ಮೂಲ ಮಹಾಭಾರತದ ವನಪರ್ವದಲ್ಲಿರುವ ಯವಕ್ರೀತನ ಕಥೆ. ನಾಡಿಗೆ ಮಳೆಯಿಲ್ಲ. ಮಳೆಗಾಗಿ ಅರಸನು ಏಳು ವರ್ಷಗಳ ಯಜ್ಞ ಹೂಡಿದ್ದಾನೆ. ಪರಾವಸು ಅದರ ಪ್ರಧಾನ ಋತ್ವಿಜ. ಯವಕ್ರಿ ಹತ್ತು ವರ್ಷ ತಪಸ್ಸು ಮಾಡಿ ಪಡೆದ ವಿದ್ಯೆಯನ್ನು ಹಗೆ ತೀರಿಸಿಕೊಳ್ಳಲು ಬಳಸುತ್ತಾನೆ. ಇಷ್ಟು ತಪಸ್ಸು ಮಾಡಿದವನು ನಾಲ್ಕು ಹನಿ ಮಳೆಯನ್ನೇಕೆ ಬೇಡಲಿಲ್ಲವೆಂದು ಕೇಳುವವಳು ಬೇಡರ ಹುಡುಗಿ ನಿತ್ತಿಲೆ, ಪರಾವಸುವಿನ ತಮ್ಮ ಅರವಸುವಿನ ಪ್ರಿಯೆ. ಕೊನೆಗೆ ಅವಳು ಕೊಲೆಯಾಗುತ್ತಾಳೆ. ವರ ಕೇಳೆಂದು ಇಂದ್ರನೇ ಹೇಳಿದಾಗ ಅರವಸು ಅವಳನ್ನು ಮರಳಿ ಪಡೆಯಬಹುದಾಗಿತ್ತು. ಆದರೆ ಕಾಲಚಕ್ರ ಹಿಂದಿರುಗಿದರೆ ಬ್ರಹ್ಮರಾಕ್ಷಸನಿಗೆ ಬಿಡುಗಡೆಯಿಲ್ಲ. ಅರವಸು ಅವಳನ್ನು ಬಿಟ್ಟುಕೊಡುತ್ತಾನೆ. ಮಳೆ ಬರುತ್ತದೆ.

ರಂಗದ ಮೇಲೆ ಈ ಮಳೆ ಬಹುಮಟ್ಟಿಗೆ ಸದ್ದು ಮಾತ್ರ. ಕಣ್ಣಿಗೆ ಕಾಣುವುದು ನಿತ್ತಿಲೆಯ ಶವ. ಮಳೆ ಬಂದ ಸುದ್ದಿಯನ್ನು ಅರವಸು ಆ ಶವಕ್ಕೇ ಹೇಳುತ್ತಾನೆ. ಕಿವಿಗೆ ಸಂತೋಷ, ಕಣ್ಣಿಗೆ ಸಾವು. ಪ್ರೇಕ್ಷಕನು ಎರಡನ್ನೂ ಒಟ್ಟಿಗೆ ಹೊರಬೇಕು. ಮೇಲಾಗಿ, ನಾಟಕದೊಳಗಿನ ನಾಟಕದಲ್ಲಿ ವೇಷಧಾರಿಯೊಬ್ಬ ಇಂದ್ರನಾದುದನ್ನು ನಾವು ಆಗತಾನೆ ಕಂಡಿರುತ್ತೇವೆ. ಬಳಿಕ ಬರುವ ಇಂದ್ರನು ದೇವರೋ, ಇನ್ನೊಂದು ವೇಷವೋ? ಈ ಶಂಕೆಯೇ ರುದ್ರನಾಟಕದ ಕಸುವು.

ಚಿತ್ರದಲ್ಲಿ ಗುಣವಿಲ್ಲವೆನ್ನಲಾರೆ. ಹಂಪೆಯ ಬಂಡೆಗಳು ಬರಗಾಲವನ್ನು ಮಾತಿಲ್ಲದೆ ಹೇಳುತ್ತವೆ. ನಿತ್ತಿಲೆಯಾಗಿ ಸೋನಾಲಿ ಕುಲಕರ್ಣಿಯವರಂಥ ಸಮರ್ಥ ನಟಿಯಿದ್ದಾರೆ. ಆದರೆ ಇಂದ್ರನಾಗಿ ಅಮಿತಾಭ್ ಬಚ್ಚನ್ ಬಂದೊಡನೆ ಶಂಕೆಗೆ ಎಡೆಯಿಲ್ಲ. ದೇಶವೇ ಬಲ್ಲ ಮುಖವದು. ವರ ಕೊಡಲೆಂದೇ ಬಂದಂತಿದೆ. ಆಮೇಲೆ ಬರುವ ಮಳೆ ನಿಜವಾದ ನೀರಾಗಿ ಸುರಿದು ಕಣ್ಣು ತುಂಬುತ್ತದೆ. ನಿತ್ತಿಲೆಯ ಸಾವು ಅದರಲ್ಲಿ ತೊಳೆದುಹೋಗುತ್ತದೆ. ಎಲ್ಲವನ್ನೂ ತೋರಿಸಬಲ್ಲ ಕ್ಯಾಮರಾಕ್ಕೆ ಏನನ್ನು ತೋರಿಸದೆ ಬಿಡಬೇಕೆಂಬ ವಿವೇಕ ಇಲ್ಲಿ ಸಾಲದಾಯಿತು.

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಂಕಿ ಮಳೆಗಳೆರಡೂ ಪುರಾಣದ ಮಾತಲ್ಲ. ಮುಂಗಾರು ನಂಬಿ ಹೊಗೆಸೊಪ್ಪಿನ ಸಸಿ ನೆಟ್ಟು, ಬ್ಯಾರನ್ನುಗಳಲ್ಲಿ ಸೌದೆಯುರಿಸಿ ಎಲೆ ಹದಮಾಡುವ ಮನೆಗಳಿಂದ ನಮ್ಮ ವಿದ್ಯಾರ್ಥಿಗಳು ಬರುತ್ತಾರೆ. ಈ ನಾಟಕವನ್ನು ಪಾಠ ಮಾಡುವಾಗಲೆಲ್ಲ ಅರವಸುವಿನ ತ್ಯಾಗವನ್ನು ಹೊಗಳುವುದು ಸುಲಭವೆಂದು ನನಗೆ ತೋರಿದೆ. ಆದರೆ ತ್ಯಾಗವಾದದ್ದು ಯಾರ ಜೀವ? ಯಜ್ಞಶಾಲೆಯ ಹೊರಗೆ ಹಸಿದು ನಿಂತಿದ್ದ ಕಾಡಿನ ಜನರ ಮಗಳದು. ಅವಳನ್ನು ಯಾರೂ ಕೇಳಲಿಲ್ಲ. ಹಾಡಿಗಳಿರುವ ಕೋಟೆ ತಾಲ್ಲೂಕಿನ ನೆರೆಯಲ್ಲಿ ಬದುಕುವ ನಾವು ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ನಾಟಕ ಆ ಪ್ರಶ್ನೆಯನ್ನು ನಮ್ಮೆದುರು ಮಲಗಿಸಿ ಪರದೆ ಎಳೆಯುತ್ತದೆ. ಚಿತ್ರ ನೋಡಿದವರು ಮಳೆ ಬಂದಿತೆಂಬ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಮೊದಲು ನಾಟಕ ಓದಿ, ಆಮೇಲೆ ಚಿತ್ರ ನೋಡಿ ಎಂದು ಸಹೃದಯರಲ್ಲಿ ನನ್ನ ಬಿನ್ನಹ.